ಗೊಂಬೆಯ ಕಣ್ಣು ಕಂಡರೇ ಗೇಟು

ಗಂಗಾವತಿಯ ಅಕ್ಕಿ ಗಿರಣಿಗಳು ಇನ್ನೂ ಆಕಳಿಸುತ್ತಿರುವ ಹೊತ್ತು. ಆನೆಗೊಂದಿ ಕಡೆಯ ಬಂಡೆಗುಡ್ಡಗಳ ನೆತ್ತಿಗೆ ಬೆಳಕು ಈಗಷ್ಟೇ ಸವರಿದ ಅರಿಶಿನದಂತೆ ತೆಳ್ಳಗೆ ಅಂಟಿಕೊಂಡಿದೆ. ಊರಂಚಿನ ಒಂದು ಖಾಸಗಿ ಈಜುಕೊಳದ ಆಳದ ತುದಿಯಲ್ಲಿ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲಿಗೆ ಕೈಯೂರಿ, ಬಗ್ಗಿ ನೀರಿನೊಳಗೆ ಯಾರನ್ನೋ ಹುಡುಕುತ್ತಿದ್ದಾರೆ.

"ಎದ್ದೀಯೇನವಾ?" ಎಂದು ನೀರನ್ನು ಕೇಳುತ್ತಾರೆ.

ಆ ನೀರಿನ ತಳದಲ್ಲಿ, ಇಬ್ಬರು ಆಳು ನಿಂತರೂ ಸಾಲದೇನೋ ಅನ್ನಿಸುವ ಆ ನೀಲಿಯ ಕೆಳಗೆ, ಒಂದು ಕಲ್ಲು ಕೂತಿದೆ. ತೆಂಗಿನಕಾಯಿ ಗಾತ್ರದ ನುಣುಪಾದ ಹೊಳೆಗಲ್ಲು. ಬಣ್ಣದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಚಿತ್ರಗಾರರೊಬ್ಬರು ಅದಕ್ಕೆ ಮುಖ ಬರೆದುಕೊಟ್ಟಿದ್ದಾರೆ. ಹಳದಿ ಹಣೆ, ಕೆಂಪು ಕೆನ್ನೆ, ಕಾಡಿಗೆ ತೀಡಿದ ಎರಡು ದೊಡ್ಡ ಕಣ್ಣು. ದಂಡೆಯ ಮೇಲೆ ನಿಂತವರಿಗೆ ಆ ಕಣ್ಣು ಕಂಡರೆ ಕೊಳದ ಗೇಟು ತೆರೆಯುತ್ತದೆ. ಕಾಣದಿದ್ದರೆ ಯಾರು ಬಂದು ನಿಂತರೂ ಬೀಗ ಬೀಗವೇ. ಇದು ಈ ಹೆಂಗಸು, ಇಮಾಮಬಾನು, ಮಾಡಿರುವ ಕಾಯ್ದೆ.

"ಕೂಸು ಮುಳುಗಿದ್ರ ಕಾಣಬೇಕಲ್ರಿ," ಅನ್ನುತ್ತಾರೆ ಅವರು, ಕಣ್ಣನ್ನು ನೀರಿನಿಂದ ತೆಗೆಯದೆ. "ಮ್ಯಾಲಿಂದ ನೋಡಿದ್ರ ನೀರು ಭಾಳ ಛಲೋ ಕಾಣತೈತಿ. ತಳಕ್ಕ ನೀಲಿ ಫರಸಿ ಹಾಕ್ಯಾರಲ್ಲ, ರಾಡಿ ನೀರೂ ನೀಲೀನ ಕಾಣತೈತಿ. ಗೊಂಬಿ ಸುಳ್ಳು ಹೇಳಂಗಿಲ್ಲ."

ಇವತ್ತು ಗೊಂಬೆಯ ಕೆನ್ನೆ ಕಾಣುತ್ತಿದೆ. ಕಣ್ಣು ಮಸುಕು. ನಿನ್ನೆ ಸಂಜೆ ಬೀಸಿದ ಗಾಳಿ ಪಕ್ಕದ ಗಿರಣಿಯ ಹೊಟ್ಟಿನ ಬೂದಿಯನ್ನು ಹಿಡಿ ಹಿಡಿಯಾಗಿ ತಂದು ಕೊಳಕ್ಕೆ ಎರಚಿ ಹೋಗಿದೆ. ಇಮಾಮಬಾನು ಉದ್ದ ಕೋಲಿನ ಬಲೆಯಿಂದ ಮೇಲಿನ ಕಪ್ಪು ಚೂರುಗಳನ್ನು ಬಳಿದು ಬುಟ್ಟಿಗೆ ಹಾಕುತ್ತಾರೆ. ನೀರಿಗೆ ಬೆರೆತದ್ದನ್ನು ಬಲೆ ಹಿಡಿಯುವುದಿಲ್ಲ. ಅದನ್ನು ಹಿಡಿಯುವವನು ಪಂಪಿನ ಕೋಣೆಯಲ್ಲಿದ್ದಾನೆ.

ಕೋಣೆಯ ತಗಡಿನ ಬಾಗಿಲು ತೆರೆದರೆ ಎದುರಿಗೇ ಅವನು. ಬಿಳಿಯ ದೊಡ್ಡ ಹೊಟ್ಟೆ, ಹೊಟ್ಟೆಯ ತುಂಬ ಮರಳು, ತಲೆಯ ಮೇಲೊಂದು ಕಪ್ಪು ಹಿಡಿ. ಅಜ್ಜಿಯರು ಹೇಳುವ ಕಥೆಗಳಲ್ಲಿ ಊರ ಕೆರೆ ಕುಡಿದು ಮಲಗುವ ರಕ್ಕಸ ಬರುತ್ತಾನಲ್ಲ, ಅವನ ತಮ್ಮನಂತಿದ್ದಾನೆ ಈ ಫಿಲ್ಟರು. ವ್ಯತ್ಯಾಸವೆಂದರೆ ಇವನು ಕುಡಿದ ನೀರನ್ನು ತೊಳೆದು ವಾಪಸು ಕೊಡುತ್ತಾನೆ. ಎರಡೂವರೆ ಲಕ್ಷ ಲೀಟರು ನೀರು ದಿನವೂ ಇವನ ಹೊಟ್ಟೆ ಹೊಕ್ಕು ಹೊರಬರುತ್ತದೆ. ಮೇಲಿಂದ ಇಳಿಯುವಾಗ ಕಸ ಮರಳಿಗೆ ಸಿಕ್ಕಿಬೀಳುತ್ತದೆ, ತಿಳಿನೀರು ಕೆಳಗಿನಿಂದ ಕೊಳಕ್ಕೆ ಮರಳುತ್ತದೆ. ಹೊಟ್ಟೆ ತುಂಬಿದಾಗ ಅವನು ಬಾಯಿ ಬಿಟ್ಟು ಹೇಳುವುದಿಲ್ಲ. ನೆತ್ತಿಯ ಮೇಲೆ ಒತ್ತಡ ಅಳೆಯುವ ಗಡಿಯಾರದಂಥ ಮೀಟರಿನ ಮುಳ್ಳು ಮೇಲೇರುತ್ತದೆ, ಅಷ್ಟೆ.

ಮುಳ್ಳು ಏರಿದೆ. ಇಮಾಮಬಾನು ಪಂಪು ಆರಿಸುತ್ತಾರೆ. ಗುಂಯ್ ಅನ್ನುವ ಸದ್ದು ನೆಲದೊಳಗೆ ಇಳಿದು ಹೋಗುವ ತನಕ ಕಾಯುತ್ತಾರೆ.

ಆ ಕಪ್ಪು ಹಿಡಿಗೆ ಆರು ನಿಲುಗಡೆಗಳಿವೆ. ಒಂದೊಂದು ನಿಲುಗಡೆಯೂ ನೀರಿಗೆ ಒಂದೊಂದು ಬಾಗಿಲು. ಕಥೆಯ ಅರಮನೆಯಲ್ಲಿ ಒಂದು ಬಾಗಿಲನ್ನು ಮಾತ್ರ ತೆರೆಯಬೇಡ ಎಂದು ಹೇಳಿಹೋಗುತ್ತಾರೆ. ಇಲ್ಲಿ ಎಲ್ಲವನ್ನೂ ತೆರೆಯಬಹುದು, ಆದರೆ ಪಂಪು ಓಡುತ್ತಿರುವಾಗ ಯಾವುದನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಒಳಗಿನ ರಬ್ಬರಿನ ಪಟ್ಟಿ ಕಿತ್ತುಹೋಗಿ, ನೀರು ದಾರಿ ತಪ್ಪಿ ಬೇಕಾದ ಬಾಗಿಲಿಗೂ ಬೇಡವಾದ ಬಾಗಿಲಿಗೂ ನುಗ್ಗುತ್ತದೆ. ಇಮಾಮಬಾನು ಹಿಡಿಯನ್ನು ಅಂಗೈಯಿಂದ ಒತ್ತಿ, ತಿರುಗಿಸಿ, "ಬ್ಯಾಕ್‌ವಾಶ್" ಎಂದು ಬರೆದಲ್ಲಿ ನಿಲ್ಲಿಸುತ್ತಾರೆ. ಮತ್ತೆ ಪಂಪು. ಈಗ ನೀರು ಉಲ್ಟಾ ಹೊಡೆಯುತ್ತದೆ, ಕೆಳಗಿನಿಂದ ಮೇಲಕ್ಕೆ. ಒಳಗೆ ಮಲಗಿದ್ದ ಮರಳೆಲ್ಲ ಎದ್ದು ಕುದಿಯುವ ಅನ್ನದಂತೆ ಕುಣಿದು, ಹಿಡಿದಿಟ್ಟ ಕಸವನ್ನು ಬಿಟ್ಟುಕೊಡುತ್ತದೆ. ಪಕ್ಕದ ಗಾಜಿನ ಬುಡ್ಡಿಯಲ್ಲಿ ಅದು ಕಾಣುತ್ತದೆ. ಮೊದಲು ಚಹಾದ ಬಣ್ಣ. ಆಮೇಲೆ ಗಂಜಿಯ ಬಣ್ಣ.

ಇಲ್ಲಿಗೆ ಬಂದಾಗ ಅವರ ಕೈ ತಾನಾಗಿಯೇ ಸ್ವಿಚ್ಚಿನ ಕಡೆ ಹೋಗುತ್ತದೆ. ಹೋಗಿ, ನಿಲ್ಲುತ್ತದೆ. ಬೆರಳುಗಳನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಳ್ಳುತ್ತಾರೆ. ಬುಡ್ಡಿ ಪೂರ್ತಿ ತಿಳಿಯಾಗುವ ತನಕ ಕೈ ಹೊರಗೆ ಬರುವುದಿಲ್ಲ.

ಆ ಕೈ ಹೀಗೆ ಕಾಯುವುದನ್ನು ಕಲಿತದ್ದು ಕಳೆದ ಬೇಸಿಗೆಯಲ್ಲಿ.

ಇಮಾಮಬಾನು ಹುಟ್ಟಿದ್ದು ಯಲಬುರ್ಗಾ ಕಡೆಯ ಎರೆಹೊಲಗಳ ನಡುವಿನ ಹಳ್ಳಿಯಲ್ಲಿ. ಅಲ್ಲಿ ಅಕ್ಕಿ ತೊಳೆದ ನೀರಲ್ಲಿ ಪಾತ್ರೆಯ ಮೊದಲ ಜಿಡ್ಡು ಹೋಗುತ್ತಿತ್ತು. ಪಾತ್ರೆಯ ನೀರು ಎಮ್ಮೆಯ ಕಲಗಚ್ಚಿನ ಬಾನಿಗೆ ಬೀಳುತ್ತಿತ್ತು. ಕೈ ತೊಳೆಯುವವರು ಬಾಳೆಯ ಬುಡದಲ್ಲೇ ಕೂತು ತೊಳೆಯಬೇಕಿತ್ತು. ಮದುವೆಯಾಗಿ ಗಂಗಾವತಿಗೆ ಬಂದ ಮೊದಲ ದಿನ ಗಂಡ ಹುಸೇನಬಾಷಾ ಇವರನ್ನು ಕಾಲುವೆ ತೋರಿಸಲು ಕರೆದೊಯ್ದಿದ್ದರು. ಗಿರಣಿಯಲ್ಲಿ ಚೀಲ ಹೊರುವ ಅವರು ಇವತ್ತಿಗೂ ಆ ಕಥೆ ಹೇಳಿ ಹೆಂಡತಿಯನ್ನು ಕಾಡಿಸುತ್ತಾರೆ.

"ಕಾಲುವಿ ನೋಡಿ ಏನಂದ್ಲು ಗೊತ್ತೇನ್ರಿ? 'ಇಷ್ಟು ನೀರು ಹೊಂಟೈತಿ, ಯಾರೂ ಬಂದ್ ಮಾಡವಲ್ರಲ್ಲ' ಅಂದ್ಲು! ನಳ ತೆರೆದಿಟ್ಟು ಮರತಾರ ಅನಕೊಂಡಿದ್ಲು."

"ನೀವು ಸುಮ್ನಿರ್ರಿ," ಎಂದು ಇಮಾಮಬಾನು ನಗುತ್ತಾರೆ. "ಅವತ್ತು ನನಗ ಖರೇನ ಹೊಟ್ಟಿ ಉರದಿತ್ತು."

ಈಜುಕೊಳಕ್ಕೆ ಅವರು ಬಂದದ್ದು ಬಟ್ಟೆ ಬದಲಿಸುವ ಕೋಣೆಗಳ ಕಸ ಹೊಡೆಯಲು. ಫಿಲ್ಟರು ನೋಡಿಕೊಳ್ಳುತ್ತಿದ್ದ ಮುದುಕ ಮೊಣಕಾಲು ನೋವೆಂದು ಕೆಲಸ ಬಿಡುವಾಗ, ದಿನವೂ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇವರನ್ನೇ ಕರೆದು ಹಿಡಿಯ ಆರು ನಿಲುಗಡೆ ಬಾಯಿಪಾಠ ಮಾಡಿಸಿ ಹೋದ. ಮ್ಯಾನೇಜರ್ ಪ್ರಭುರಾಜ ಹೂಂ ಅಂದರು. ಅಂದಿನಿಂದ ರಕ್ಕಸನ ಊಟ, ನಿದ್ದೆ, ಅಜೀರ್ಣ ಎಲ್ಲ ಇವರ ಪಾಲಿಗೆ ಬಂತು.

ಕೊಳದಲ್ಲಿ ಹೆಂಗಸರಿಗೆಂದೇ ಬೇರೆ ತಾಸು ಇರಲಿಲ್ಲ. ಅದನ್ನು ಕೇಳಿ ಪಡೆದವರೂ ಇವರೇ. ಅದರ ಹಿಂದೆ ಇರುವ ಸಂಗತಿಯನ್ನು ಇಮಾಮಬಾನು ಹೆಚ್ಚು ಹೇಳುವುದಿಲ್ಲ. ಅವರ ಓಣಿಯ ನೇತ್ರಾವತಿ ಎಂಬ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ, ಕಾಲುವೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವಾಗ ಜಾರಿದಳು. ಮೆಟ್ಟಿಲ ಮೇಲೆ ಹೆಂಗಸರೇ ಇದ್ದರು. ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಭತ್ತದ ಗದ್ದೆಯಲ್ಲಿ ದುಡಿಯುವ ವಿರೂಪಾಕ್ಷಮ್ಮ, ಅರವತ್ತರ ಹತ್ತಿರದವರು, ಉಟ್ಟ ಸೀರೆಯ ಸೆರಗನ್ನೇ ಬಿಚ್ಚಿ ಎಸೆದರು. ಅದು ನೇತ್ರಾವತಿಯ ಕೈಗೆ ಒಂದು ಗೇಣು ದೂರದಲ್ಲಿ ಬಿತ್ತು. ಹುಡುಗಿ ಉಳಿಯಲಿಲ್ಲ.

"ಕಾಲುವಿ ಊರಾಗ ಇರತೀವಿ, ನೀರಾಗ ಕಾಲಿಟ್ರ ಸಾಯ್ತೀವಿ," ಇಮಾಮಬಾನು ಅಷ್ಟನ್ನೇ ಹೇಳಿ ಬುಡ್ಡಿಯ ಗಾಜನ್ನು ಒರೆಸತೊಡಗುತ್ತಾರೆ. "ಪ್ರಭುರಾಜ ಸರ್‌ಗೆ ಹೇಳಿದೆ, ನಮಗೊಂದು ತಾಸು ಕೊಡ್ರಿ ಅಂತ. ಕೊಟ್ರು."

ಕಳೆದ ಬೇಸಿಗೆಯ ಶುರುವಿಗೆ ಹೆಂಗಸರ ಬ್ಯಾಚು ಆರಂಭವಾಯಿತು. ಮೊದಲು ಹೆಸರು ಹಚ್ಚಿದವರು ವಿರೂಪಾಕ್ಷಮ್ಮ. ಅವರ ಹಿಂದೆ ಓಣಿಯೇ ಬಂತು. ದಂಡೆಯ ಕಂಬಿ ಹಿಡಿದು ಕಾಲು ಬಡಿಯುತ್ತ, ಕೂಗುತ್ತ, ನಗುತ್ತ, ಮೂಗಿಗೆ ನೀರು ಹೋಗಿ ಅಳುತ್ತ ಅವರು ಕಲಿಯತೊಡಗಿದರು. ಕೆಲವೇ ದಿನಗಳಲ್ಲಿ ಕೊಳದ ನೀರು ಮಜ್ಜಿಗೆಯಾಯಿತು.

ಇಮಾಮಬಾನು ಮುಳ್ಳು ನೋಡಿದರು. ಮುಳ್ಳು ಶಾಂತವಾಗಿ ಕೂತಿತ್ತು. ಹೊಟ್ಟೆ ತುಂಬಿದ್ದರೆ ಅದು ಏರಬೇಕಿತ್ತಲ್ಲ? ಕ್ಲೋರಿನ್ ಹಾಕಿದರು, ಕೆಸರು ತಳಕ್ಕಿಳಿಸುವ ಪಟಿಕದ ಕಲ್ಲು ಕರಗಿಸಿ ಬಿಟ್ಟರು. ಒಂದು ದಿನ ತಿಳಿಯಾದಂತೆ ಮಾಡಿ ಮರುದಿನ ಮತ್ತೆ ಮಜ್ಜಿಗೆ. ಗೊಂಬೆಯ ಕಣ್ಣಿರಲಿ, ಗೊಂಬೆಯೇ ಇದೆಯೋ ಇಲ್ಲವೋ ತಿಳಿಯದಾಯಿತು. ಅವರ ಕಾಯ್ದೆಯಂತೆ ಅವರೇ ಗೇಟಿಗೆ ಬೀಗ ಹಾಕಿದರು. ಬೇಸಿಗೆ ರಜೆಯ ಹುಡುಗರು ಗೇಟಿನ ಹೊರಗೆ ಗಲಾಟೆ ಎಬ್ಬಿಸಿದರು. ಕೊಳದ ಪಾಲುದಾರರು ಪ್ರಭುರಾಜರಿಗೆ ಫೋನಿನ ಮೇಲೆ ಫೋನು ಹಚ್ಚಿದರು: ಹೆಂಗಸರು ಬಂದ ಮೇಲೇ ನೀರು ಕೆಟ್ಟಿದ್ದು, ಅವರ ತಲೆಯ ಎಣ್ಣೆ ನೋಡಿ, ನಿಲ್ಲಿಸಿಬಿಡಿ.

"ಬಾನಕ್ಕ, ನಾ ಎಷ್ಟು ಹೇಳಿದ್ರೂ ಕೇಳವಲ್ರು," ಎಂದರು ಪ್ರಭುರಾಜ. ಹೇಳುವಾಗ ಅವರ ಮುಖ ನೋಡುವ ಹಾಗಿರಲಿಲ್ಲವಂತೆ. "ಸೋಮವಾರ ಮುಂಜಾನಿ ನಿಮ್ಮ ಗೊಂಬಿ ಕಣ್ಣು ಬಿಟ್ರ ಬ್ಯಾಚು ಉಳೀತೈತಿ. ಇಲ್ಲಂದ್ರ ಆ ತಾಸು ಹುಡುಗರಿಗೆ ಕೊಡಾಕ ಹೇಳ್ಯಾರ."

ಅದು ಶುಕ್ರವಾರ. ಇಮಾಮಬಾನು ಪಂಪು ರಿಪೇರಿಯ ಅಸ್ಲಮನಿಗೆ ಹೇಳಿ ಕಳಿಸಿದರು. ಅವನು ಬಂದು, ನೀರು ಬಸಿದು, ಫಿಲ್ಟರಿನ ಮೇಲಿನ ತಲೆಯನ್ನೇ ಬಿಚ್ಚಿದ. ಬ್ಯಾಟರಿ ಹಿಡಿದು ಒಳಗೆ ಇಣುಕಿದವನೇ ಕರೆದ.

"ಆಪಾ, ಬರ್ರಿ ಇಲ್ಲಿ. ನಿಮ್ಮ ಡಬ್ಬಿಯೊಳಗ ಇರಿವಿ ಊರು ಕಟ್ಯಾವ."

ಇಮಾಮಬಾನು ಸ್ಟೂಲು ಹತ್ತಿ ಇಣುಕಿದರು. ಪುಡಿಪುಡಿಯಾಗಿ ಇರಬೇಕಿದ್ದ ಮರಳು ಒಣಗಿದ ಎರೆಮಣ್ಣಿನಂತೆ ಹೆಪ್ಪುಗಟ್ಟಿತ್ತು. ಗಿರಣಿಯ ಬೂದಿ, ತಲೆಯ ಎಣ್ಣೆ ಎರಡೂ ಕಲಸಿ ಮರಳನ್ನು ಗಾರೆ ಮಾಡಿದ್ದವು. ಆ ಗಟ್ಟಿಯಲ್ಲಿ ಅಲ್ಲಲ್ಲಿ ತೂತುಗಳು. ಥೇಟು ಹುತ್ತ. ನೀರು ಮರಳಿನೊಳಗೆ ಸೋಸಿಕೊಂಡು ಇಳಿಯುವ ಕಷ್ಟವನ್ನೇ ಬಿಟ್ಟು, ಹುತ್ತದ ತೂತುಗಳಲ್ಲಿ ಸರ್ಪದಂತೆ ಸರಸರ ಇಳಿದು, ಕೊಳೆಯ ಸಮೇತ ಕೊಳಕ್ಕೆ ಮರಳುತ್ತಿತ್ತು. ತಡೆಯುವವರೇ ಇಲ್ಲದ ಮೇಲೆ ಮುಳ್ಳು ಯಾಕೆ ಏರೀತು?

ಕಥೆಗಳಲ್ಲಿ ಹುತ್ತದೊಳಗೆ ನಿಧಿ ಇರುತ್ತದೆ. ಇಮಾಮಬಾನುಗೆ ಸಿಕ್ಕಿದ್ದು ಅಸ್ಲಮನ ಒಂದು ಪ್ರಶ್ನೆ.

"ಆಪಾ, ಬ್ಯಾಕ್‌ವಾಶ್ ಹೊತ್ತಿಗೆ ಎಲ್ಲೀತನಕ ನೀರು ಬಿಡ್ತೀರಿ?"

"ಬುಡ್ಡ್ಯಾಗ ಚಹಾದಂಗ ಬರತೈತಲ್ಲ, ಅದು ಒಂಚೂರು ಬೆಳ್ಳಗಾತಂದ್ರ ಬಂದ್ ಮಾಡ್ತೀನಿ."

"ಪೂರಾ ತಿಳಿ ಆಗೂತನಕ ಬಿಡಂಗಿಲ್ಲ?"

"ಬಿಟ್ರ? ಅಷ್ಟೂ ನೀರು ಗಟಾರಕ್ಕ ಹೊಕ್ಕೈತಪಾ!"

ಅಸ್ಲಮ ನಕ್ಕುಬಿಟ್ಟ. "ಗಟಾರಕ್ಕ ಹೋಗೂದ ಅದರ ಕೆಲಸ ಆಪಾ. ನೀವು ಅರ್ಧಕ್ಕ ಬಾಯಿ ಮುಚ್ಚಿದ್ರ ಉಳಿದ ಅರ್ಧ ಹೊಟ್ಟ್ಯಾಗ ಕೂಡತೈತಿ. ಎಣ್ಣಿ ಬಂದದ್ದು ಈಗ. ನೀವು ನೀರು ಉಳಸೂದು ಎಂದಿಂದ?"

ಇಮಾಮಬಾನು ಸ್ಟೂಲಿನಿಂದ ಇಳಿದು ಗೋಡೆಗೆ ಒರಗಿದರು. ಯಲಬುರ್ಗಾದ ಅಂಗಳದಲ್ಲಿ ತಾಯಿ ಕಲಿಸಿದ್ದು, ನೀರು ಚೆಲ್ಲುವ ಕೈ ಕೈಯೇ ಅಲ್ಲ ಎಂದು ಬೆಳೆದದ್ದು, ಅದೇ ಈಗ ಹೆಂಗಸರ ತಾಸಿನ ಕುತ್ತಿಗೆ ಹಿಡಿದಿತ್ತು. ಮರಳು ಬದಲಿಸಬಹುದು. ಕೈ ಬದಲಿಸುವುದು ಹೇಗೆ?

"ನನ್ನ ಕೈಲಿ ಆಗಂಗಿಲ್ಲ ಅಸ್ಲಮ್ ಭಾಯ್," ಎಂದರಂತೆ. "ಸುರಿಯೂ ನೀರು ನೋಡ್ಕೋತ ನಿಂದ್ರಾಕ ನನ್ನ ಕೈಲಿ ಆಗಂಗಿಲ್ಲ. ಆ ನೀರಿಗೆ ಒಂದು ಕೆಲಸ ಕೊಡು, ಆಮ್ಯಾಲೆ ಬಿಡ್ತೀನಿ."

ಆ ಮಾತು ಶನಿವಾರ ಬೆಳಿಗ್ಗೆ ಬೀಗ ಹಾಕಿದ ಗೇಟಿನ ಮುಂದೆ ನಿಂತ ಹೆಂಗಸರ ಕಿವಿಗೆ ಬಿತ್ತು. ವಿರೂಪಾಕ್ಷಮ್ಮ ಎಲ್ಲವನ್ನೂ ಕೇಳಿ, ಸೀರೆ ಎತ್ತಿ ಕಚ್ಚೆ ಕಟ್ಟಿದರು.

"ಗದ್ದಿಗೆ ನೀರು ತಿರುವೂ ಕೈ ಇವು. ಒಂದು ಕಾಲುವಿ ತೋಡಾಕ ಯಾರನ್ನ ಕೇಳಬೇಕವಾ?"

ಮನೆಗಳಿಂದ ಸಲಿಕೆ, ಗುದ್ದಲಿ, ಬುಟ್ಟಿ ಬಂದವು. ಪಂಪಿನ ಕೋಣೆಯ ಹಿಂದೆ ಒಂದು ಹೊಂಡ, ಹೊಂಡಕ್ಕೆ ಒಂದು ಕಾಲುವೆ. ಗಿರಣಿಯವರ ಜೊತೆ ಹುಸೇನಬಾಷಾ ಮಾತಾಡಿ ಬಂದರು. ಗಿರಣಿಗೆ ಬೂದಿ ರಾಶಿಯನ್ನು ತೋಯಿಸಲು ನೀರು ಬೇಕಿತ್ತು, ತೋಯಿಸದಿದ್ದುದಕ್ಕೇ ಅದು ಹಾರುತ್ತಿತ್ತು. ಫಿಲ್ಟರಿನ ಕೊಳೆನೀರು ಹೊಂಡದಲ್ಲಿ ಬಿಸಿಲಿಗೆ ಮಲಗಿ, ಕ್ಲೋರಿನ್ನಿನ ಘಾಟು ಕಳೆದುಕೊಂಡು, ಗಿರಣಿಯ ಬೂದಿಯ ಮೇಲೆ ಬೀಳುತ್ತದೆ. ತೊಯ್ದ ಬೂದಿ ಕೊಳಕ್ಕೆ ಹಾರುವುದು ಕಡಿಮೆಯಾಗುತ್ತದೆ. ನೀರನ್ನು ಕೆಡಿಸಿದ ಬೂದಿಯನ್ನು ಆ ಕೆಟ್ಟ ನೀರೇ ಹೋಗಿ ಕಟ್ಟಿಹಾಕಿ ಬರುವುದು! ಏಳು ಸಮುದ್ರ ದಾಟಿ ರಕ್ಕಸನ ಪ್ರಾಣ ತರುವ ಕಥೆ ಕೇಳಿ ಬೆಳೆದವರಿಗೂ ಇದು ಬೆರಗೇ.

ಅದೇ ಹೊತ್ತಿಗೆ ಒಳಗೆ ಅಸ್ಲಮ ಮತ್ತು ಇಮಾಮಬಾನು ಹೆಪ್ಪುಗಟ್ಟಿದ ಮರಳನ್ನು ಒಡೆದು ತೆಗೆದು, ಹೊಸಪೇಟೆಯಿಂದ ತರಿಸಿದ ಸೋಸುವ ಮರಳು ತುಂಬಿದರು. ಉಳಿದದ್ದು ಎಣ್ಣೆ. ಆ ಮಾತೆತ್ತಿದ ಇಮಾಮಬಾನುವನ್ನು ವಿರೂಪಾಕ್ಷಮ್ಮ ಗುದ್ದಲಿ ಊರಿ ನಿಂತು ದಿಟ್ಟಿಸಿದರು. ಅವರ ತುರುಬು ಊರಿಗೇ ಗೊತ್ತಿರುವ ತುರುಬು.

"ನಮ್ಮವ್ವ ಹಚ್ಚಿದ ಎಣ್ಣಿ ಇದು. ಒಂದು ದಿನ ಬಿಟ್ಟಿಲ್ಲ. ನಿನ್ನ ಡಬ್ಬಿ ಸಲುವಾಗಿ ಬಿಡ್ಲೇನು?"

"ಬಿಡಬ್ಯಾಡ್ರಿ ಅಮ್ಮಾರ. ಈಸಿ ಬಂದ ಮ್ಯಾಲೆ ಹಚ್ಕೋರಿ. ಮುಂಜಾನಿ ಸೀಗಿಪುಡಿ ಹಾಕಿ ತೊಳಕೊಂಡು ಬರ್ರಿ. ತಲಿ ಎಲ್ಲೂ ಓಡಿ ಹೋಗಂಗಿಲ್ಲ."

"ಓಡಿ ಹೋಗೂದು ತಲಿ ಅಲ್ಲವಾ, ಕೂದಲಾ!"

ಹೆಂಗಸರೆಲ್ಲ ಹೊಂಡದೊಳಗೇ ಕೂತು ನಕ್ಕರು. ವಿರೂಪಾಕ್ಷಮ್ಮನೂ ನಕ್ಕರು. ಎಣ್ಣೆಯ ಹೊತ್ತು ಅವತ್ತಿನಿಂದ ಮಧ್ಯಾಹ್ನಕ್ಕೆ ಬದಲಾಯಿತು.

ಭಾನುವಾರ ಹೊಸ ಮರಳಿಗೆ ಮೊದಲ ಬ್ಯಾಕ್‌ವಾಶ್. ಬುಡ್ಡಿಯಲ್ಲಿ ಚಹಾ ಬಂತು, ಗಂಜಿ ಬಂತು. ಇಮಾಮಬಾನು ಕೈ ಎತ್ತಿದರು. ಎತ್ತಿದ ಕೈಯನ್ನು ತಾವೇ ಇನ್ನೊಂದು ಕೈಯಿಂದ ಹಿಡಿದುಕೊಂಡರು. ಗೋಡೆಯ ಆಚೆ, ಹೊಸ ಕಾಲುವೆಯಲ್ಲಿ ನೀರು ಓಡುವ ಸದ್ದು ಕೇಳಿಸುತ್ತಿತ್ತು, ಅದರ ಜೊತೆ ವಿರೂಪಾಕ್ಷಮ್ಮನ ದನಿ: "ಬರಾಕ ಹತ್ತೈತಿ ಬಿಡು ಬಾನು! ಹೊಂಡಕ್ಕ ಬರಾಕ ಹತ್ತೈತಿ!" ಬುಡ್ಡಿ ತಿಳಿಯಾಯಿತು. ಅದರ ಮೂಲಕ ಆಚೆ ಗೋಡೆಯ ಸುಣ್ಣದ ಬಿರುಕು ಕಾಣುವಷ್ಟು ತಿಳಿ. ಆಮೇಲೆ ಪಂಪು ಆರಿಸಿ, ಹಿಡಿಯನ್ನು "ರಿನ್ಸ್‌"ಗೆ ತಿರುಗಿಸಿ, ಕುಣಿದು ದಣಿದ ಮರಳು ಮತ್ತೆ ಒತ್ತಾಗಿ ಕೂರುವಷ್ಟು ಹೊತ್ತು ನೀರನ್ನು ಹೊರಕ್ಕೇ ಬಿಟ್ಟರು. ಆಮೇಲಷ್ಟೇ "ಫಿಲ್ಟರ್". ಸೋಮವಾರ ಬೆಳಗಾಗುವಾಗ ಪ್ರಭುರಾಜ ಎಲ್ಲರಿಗಿಂತ ಮೊದಲು ಬಂದು ದಂಡೆಯಲ್ಲಿ ಬಗ್ಗಿ ನಿಂತಿದ್ದರಂತೆ.

"ಕಣ್ಣು ಬಿಟ್ಟಾಳ ಬಾನಕ್ಕ," ಎಂದರು. "ಹುಬ್ಬೂ ಕಾಣತಾವ."

ಬ್ಯಾಚು ಉಳಿಯಿತು. ಉಳಿದು ಈಗ ವರ್ಷವಾಗಿದೆ.

ಇವತ್ತೂ ಇಮಾಮಬಾನು ಬ್ಯಾಕ್‌ವಾಶ್ ಮುಗಿಸಿ, ರಿನ್ಸ್ ಮುಗಿಸಿ, ಹಿಡಿಯನ್ನು ಫಿಲ್ಟರಿಗೆ ತಂದು ಪಂಪು ಹಚ್ಚುತ್ತಾರೆ. ಮುಳ್ಳು ಕೆಳಗೆ ಇಳಿದು ಕೂರುತ್ತದೆ. ರಕ್ಕಸನ ಹೊಟ್ಟೆಗೆ ಅಂಗೈ ಇಟ್ಟು ಒಂದು ಕ್ಷಣ ನಿಲ್ಲುತ್ತಾರೆ. ಯಾಕೆಂದು ಕೇಳಿದರೆ, "ನಡಗೂದು ಬರೋಬರಿ ಐತಿಲ್ಲೋ ನೋಡ್ತೀನ್ರಿ. ಇವನೂ ಮುಂಜಾನಿ ಎದ್ದಾನಲ್ಲ," ಅನ್ನುತ್ತಾರೆ. ಇನ್ನೇನಾದರೂ ಬೇಕೆ ಅಂದರೆ, "ಗಿರಣಿ ಕೆಲಸದ ಹೆಣ್ಮಕ್ಳಿಗೆ ಹತ್ತು ಗಂಟೆಗೆ ಬರಾಕ ಆಗಂಗಿಲ್ರಿ. ಅವರಿಗೆ ಮುಂಜಾನಿ ಒಂದು ತಾಸು ಸಿಕ್ರ ಛಲೋ ಆಗತಿತ್ತು. ನಾ ಹೆಂಗೂ ಎದ್ದಿರ್ತೀನಿ," ಎನ್ನುತ್ತಾರೆ. ಪ್ರಭುರಾಜ ಪಾಲುದಾರರನ್ನು ಕೇಳುತ್ತೇನೆ ಎಂದಿದ್ದಾರೆ.

ಬಿಸಿಲು ದಂಡೆಗೆ ಇಳಿಯುವ ಹೊತ್ತಿಗೆ ಗೊಂಬೆ ಎರಡೂ ಕಣ್ಣು ತೆರೆದು ಮೇಲೆ ನೋಡುತ್ತಿದೆ. ಗೇಟು ತೆರೆಯುತ್ತದೆ. ಹುಡುಗರ ಪಾಳಿ ಮುಗಿಯುತ್ತದೆ. ಹತ್ತಕ್ಕೆ ಸೀಗೆಯ ವಾಸನೆಯ ಹೆಂಗಸರು ಬರುತ್ತಾರೆ. ವಿರೂಪಾಕ್ಷಮ್ಮ ಇವತ್ತು ಕಂಬಿಯ ಕಡೆ ಹೋಗುವುದಿಲ್ಲ. ನೀರಿನ ಕನ್ನಡಕ ಕಟ್ಟಿಕೊಂಡು ನೇರ ಆಳದ ತುದಿಗೆ ಬಂದು ಇಮಾಮಬಾನುವಿನ ಪಕ್ಕ ನಿಲ್ಲುತ್ತಾರೆ.

"ಇವತ್ತು ನಿನ್ನ ಗೊಂಬಿ ಮುಟ್ಟಿ ಬರ್ತೀನಿ."

"ಅವಸರ ಏನೈತ್ರಿ ಅಮ್ಮಾರ?"

"ಅವಸರ ಇಲ್ಲವಾ. ತಡಾನ ಆಗೈತಿ."

ಅವರು ಇಳಿಯುತ್ತಾರೆ. ಇಮಾಮಬಾನು ಮೊಣಕಾಲಿಗೆ ಕೈಯೂರಿ, ಬೆಳಗಿನಂತೆಯೇ ಬಗ್ಗಿ ನಿಲ್ಲುತ್ತಾರೆ. ನೀರು ಗಾಜಿನಂತಿದೆ. ಇಳಿಯುತ್ತಿರುವ ಕೈಯ ಹಸಿರು ಬಳೆ ಕಾಣುತ್ತದೆ, ಬಳೆಯ ಕೆಳಗಿನ ಹಚ್ಚೆ ಕಾಣುತ್ತದೆ, ಚಾಚಿದ ಬೆರಳುಗಳು ಕಾಣುತ್ತವೆ. ಕೊನೆಯ ಒಂದು ಗೇಣು. ಬೆರಳುಗಳು ಅದನ್ನೂ ದಾಟಿ ಗೊಂಬೆಯ ಕೆಂಪು ಕೆನ್ನೆ ಸವರುತ್ತವೆ. ಅಲ್ಲೇ ಒಂದು ಗಳಿಗೆ, ಮುಖ ಮೇಲೆತ್ತಿ, ವಿರೂಪಾಕ್ಷಮ್ಮ ತಳದಲ್ಲಿ ಕೂತಿರುತ್ತಾರೆ.

ಮೇಲೆ ಬಂದವರೇ ಕಂಬಿ ಹಿಡಿದು ಉಸಿರು ಹುಡುಕುತ್ತಾರೆ.

"ತಳದಾಗ ಕುಂತು ಮ್ಯಾಲೆ ನೋಡಿದೆ ಬಾನು," ಎನ್ನುತ್ತಾರೆ ಕಡೆಗೆ. "ನಿನ್ನ ಮೂಗುಬಟ್ಟು ಮಿಣ ಮಿಣ ಕಾಣತಿತ್ತು."

ಇಮಾಮಬಾನು ಮೂಗಿನ ಮೇಲೆ ಬೆರಳಿಟ್ಟುಕೊಳ್ಳುತ್ತಾರೆ. ಸೆರಗಿನಿಂದ ಕಣ್ಣೊರೆಸಿ, ಪಂಪಿನ ಕೋಣೆಯ ಕಡೆ ತಿರುಗುತ್ತ, ತಮಗೇ ಹೇಳಿಕೊಂಡಂತೆ ಅನ್ನುತ್ತಾರೆ:

"ಅಂದ್ರ ನೀರು ಬರೋಬರಿ ಐತಿ."